ಡ್ಯೂಟಿಗೆ ಮುಂಚೆ ಹೇಳಬಾರದ ಸುದ್ದಿ

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ಡ್ಯೂಟಿಗೆ ಹೊರಟವನಿಗೆ ಕೆಟ್ಟ ಸುದ್ದಿ ಹೇಳಬಾರದು. ಅದನ್ನು ಮಾಡಿದವನು ನಾನಲ್ಲ, ನನ್ನ ಹೆಂಡತಿ. ಪಾಲಿಸಿದವಳೂ ಅವಳೇ, ಅದರಿಂದ ಸತ್ತವಳೂ ಅವಳೇ. ಹೀಗೆ ಬರೆದರೆ ನಮ್ಮಕ್ಕನಿಗೆ ಬೇಜಾರು. ಕಾಯಿಲೆಯಿಂದ ಸತ್ತಳು ಅಂತ ಬರಿ ಅನ್ನುತ್ತಾಳೆ. ಕಾಯಿಲೆ ಇದ್ದದ್ದು ನಿಜ. ಆದರೆ ಅದು ನನ್ನ ಹೆಂಡತಿಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು, ಬೆಂಗಳೂರಿನ ಡಾಕ್ಟರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬ. ನಾನು ಆಗ ವಿಮಾನ ಓಡಿಸುತ್ತಿದ್ದೆ.

ನಾನು ಗುಬ್ಬಿಯವನು. ಕನ್ನಡ ಮೀಡಿಯಂನಲ್ಲಿ ಓದಿ, ವಾಯುಪಡೆ ಸೇರಿ, ಅಲ್ಲಿ ಸಾಮಾನು ಸಾಗಿಸುವ ದೊಡ್ಡ ವಿಮಾನಗಳನ್ನು ಹಾರಿಸಿ, ತೊಂಬತ್ತರ ದಶಕದಲ್ಲಿ ಅದನ್ನು ಬಿಟ್ಟು ಒಂದು ಏರ್‌ಲೈನ್ ಸೇರಿದೆ. ಹೆಂಡತಿ ಕುಣಿಗಲ್ಲಿನವಳು. ಅವರಪ್ಪ ಅಲ್ಲಿನ ಕುದುರೆ ಫಾರಂನಲ್ಲಿ ಕೆಲಸ ಮಾಡುತ್ತಿದ್ದರು. ನನ್ನ ಕಂಪನಿಯ ನೆಲೆ ಬಾಂಬೆ. ಅಲ್ಲಿ ಒಂದು ವರ್ಷ ಸಂಸಾರ ಮಾಡಿ ನೋಡಿದೆವು. ನಾನು ಇಲ್ಲದ ಮನೆಯಲ್ಲಿ, ಭಾಷೆ ಬಾರದ ಊರಿನಲ್ಲಿ, ಕೈಗೂಸು ಕಟ್ಟಿಕೊಂಡು ಅವಳಿಗೆ ಸಾಕಾಗಿಹೋಯಿತು. ತುಮಕೂರಿಗೆ ಬಂದು ಶೆಟ್ಟಿಹಳ್ಳಿಯಲ್ಲಿ ನಮ್ಮಕ್ಕನ ಮನೆಯ ಹಿಂದಿನ ರಸ್ತೆಯಲ್ಲಿ ಮನೆ ಮಾಡಿದಳು. ನಾನು ಬಂದು ಹೋಗುವ ನೆಂಟನಾದೆ.

ಪೈಲಟ್ ಅಂದರೆ ನಮ್ಮೂರಲ್ಲಿ ಎಲ್ಲರಿಗೂ ಒಂದೊಂದು ಪ್ರಶ್ನೆ. ಕಟಿಂಗ್ ಶಾಪಿನವನು ಮೇಲೆ ಹೋದಾಗ ಕಕ್ಕಸು ಎಲ್ಲಿಗೆ ಬೀಳುತ್ತೆ ಸಾರ್ ಅಂತ ಕೇಳುತ್ತಿದ್ದ. ನಮ್ಮ ಚಿಕ್ಕಪ್ಪನಿಗೆ ನಾನು ಅಮೆರಿಕಾಕ್ಕೆ ಹೋಗುವಾಗ ಗುಬ್ಬಿ ಮೇಲೆ ಹೋಗುತ್ತೇನೋ ಇಲ್ಲವೋ ಅನ್ನುವುದೇ ಚಿಂತೆ. ಈ ಕೆಲಸದಲ್ಲಿ ಕಷ್ಟ ಯಾವುದು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನಿದ್ದೆ ಅಂತ ಹೇಳುತ್ತಿದ್ದೆ. ಬಾಂಬೆಯಿಂದ ಲಂಡನ್, ಅಲ್ಲಿ ಹೋಟೆಲಿನಲ್ಲಿ ಪರದೆ ಎಳೆದುಕೊಂಡು ಹಗಲು ಹೊತ್ತು ಮಲಗುವುದು, ಲಂಡನ್ನಿನಿಂದ ನ್ಯೂಯಾರ್ಕ್, ಅಲ್ಲೂ ಅದೇ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಒಂದು ಸುತ್ತು ಮುಗಿಯುವುದಕ್ಕೆ ಹತ್ತಿರ ಹತ್ತಿರ ಒಂದು ವಾರ. ಬಾಂಬೆಯಲ್ಲಿ ಇಳಿದು, ಸೀಟು ಖಾಲಿಯಿದ್ದರೆ ಬೆಂಗಳೂರಿನ ವಿಮಾನ ಹತ್ತಿ, ಅಲ್ಲಿಂದ ಬಸ್ಸು ಹಿಡಿದು ತುಮಕೂರು ಸೇರುವ ಹೊತ್ತಿಗೆ ನನ್ನ ಮೈಗೆ ಅದು ಯಾವ ದೇಶದ ಬೆಳಗ್ಗೆ ಅಂತಲೇ ತಿಳಿಯುತ್ತಿರಲಿಲ್ಲ. ಚಪ್ಪಲಿ ಬಿಟ್ಟವನೇ ಹೋಗಿ ಮಲಗುತ್ತಿದ್ದೆ.

ಆ ನಿದ್ದೆಯನ್ನು ನನ್ನ ಹೆಂಡತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ನಾನು ಬಂದ ದಿನ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತಿರಲಿಲ್ಲ, ಅನ್ನ ಪಾತ್ರೆಯಲ್ಲಿ ಬಸಿಯುತ್ತಿದ್ದಳು. ಸೊಪ್ಪು ಮಾರುವವಳನ್ನು ರಸ್ತೆ ತಿರುವಿನಲ್ಲೇ ಹೋಗಿ ತಡೆದು ಕೊಳ್ಳುತ್ತಿದ್ದಳು. ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಡುತ್ತಿದ್ದಳು. ಮಗಳು ಕಾಲಿನ ಗೆಜ್ಜೆ ಬಿಚ್ಚಿಟ್ಟು ಓಡಾಡಬೇಕಿತ್ತು. ಒಂದು ಸಲ ಎದುರು ಮನೆಯಲ್ಲಿ ಬೋರ್ ಕೊರೆಸುತ್ತಿದ್ದಾಗ ಇವಳು ಹೋಗಿ, ನಮ್ಮನೆಯವರು ಮಲಗಿದಾರೆ, ನಾಳೆ ಕೊರೆಸಿ ಅಂದು ಬಂದಿದ್ದಳು. ಅವರು ನಕ್ಕು ಕಳಿಸಿದರಂತೆ. ನನಗೆ ಇದೆಲ್ಲ ಆಗ ಹೆಮ್ಮೆಯ ವಿಷಯವಾಗಿತ್ತು.

ಕಾನೂನು ಹುಟ್ಟಿದ್ದು ಬಾಂಬೆಯಲ್ಲಿ. ಕಂಪನಿಯವರು ಮನೆಮಂದಿಗೆಲ್ಲ ಒಂದು ಊಟ ಇಟ್ಟಿದ್ದರು. ಅಲ್ಲಿ ಹಿರಿಯ ಕ್ಯಾಪ್ಟನ್ನೊಬ್ಬರ ಹೆಂಡತಿ ಹೊಸದಾಗಿ ಬಂದ ಹೆಂಗಸರನ್ನು ಕೂರಿಸಿಕೊಂಡು ಪಾಠ ಹೇಳಿದರಂತೆ. ಗಂಡ ಡ್ಯೂಟಿಗೆ ಹೊರಡುವ ಹಿಂದಿನ ದಿನದಿಂದ ಜಗಳ ಆಡಬೇಡಿ, ಮನೆ ತಾಪತ್ರಯ ಹೇಳಬೇಡಿ, ಅವರ ತಲೆಯಲ್ಲಿ ಮನೆ ಇದ್ದರೆ ಹಿಂದೆ ಕೂತ ಮುನ್ನೂರು ಜನರ ಗತಿ ಏನು ಅಂತ. ನನ್ನ ಹೆಂಡತಿಗೆ ಹಿಂದಿ ಅರೆಬರೆ. ಆದರೂ ಇದಿಷ್ಟೂ ಅರ್ಥವಾಯಿತು. ಅವಳಪ್ಪ ಕುದುರೆ ಈಯುವ ದಿನ ಹತ್ತಿರ ಬಂದರೆ ಲಾಯದ ಹತ್ತಿರ ಯಾರಿಗೂ ಏರುದನಿಯಲ್ಲಿ ಮಾತಾಡಲು ಬಿಡುತ್ತಿರಲಿಲ್ಲವಂತೆ. ಅದನ್ನು ನೋಡಿ ಬೆಳೆದವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನ್ನನ್ನು ಗಬ್ಬದ ಕುದುರೆ ಮಾಡಿಬಿಟ್ಟೆಯಲ್ಲೇ ಅಂತ ರೇಗಿಸುತ್ತಿದ್ದೆ. ಹೂಂ, ಅದಕ್ಕಾದ್ರೂ ವರ್ಷಕ್ಕೊಂದೇ ಸಲ ಅನ್ನುತ್ತಿದ್ದಳು.

ನಿಜ ಹೇಳಬೇಕೆಂದರೆ ನಮ್ಮ ಕೆಲಸದಲ್ಲಿ ಇದಕ್ಕೊಂದು ದಾರಿ ಇದ್ದೇ ಇದೆ. ಮನಸ್ಸು ಸರಿಯಿಲ್ಲ ಅನ್ನಿಸಿದರೆ ಫೋನ್ ಮಾಡಿ ಇವತ್ತು ಹಾರಲಾರೆ ಅಂದರೆ ಮುಗಿಯಿತು, ನನ್ನ ಬದಲಿಗೆ ಹೋಗಲು ಇನ್ನೊಬ್ಬ ಮನೆಯಲ್ಲಿ ಬ್ಯಾಗ್ ತುಂಬಿಕೊಂಡು ಕೂತಿರುತ್ತಾನೆ. ಕಂಪನಿ ಹೇಳಿಬಿಡು ಅನ್ನುತ್ತಿತ್ತು, ಹೆಂಡತಿ ಮುಚ್ಚಿಡುತ್ತಿದ್ದಳು. ಇದನ್ನು ಅವಳಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಹಾಗೆ ಫೋನ್ ಮಾಡುವವರ ಹೆಸರು ಕೆಡುತ್ತಂತಲ್ಲ, ಆ ಮೇಡಂ ಹೇಳಿದರು ಅಂದಳು. ಆ ಮೇಡಮ್ಮನ ಮೇಲೆ ನನಗೆ ಇವತ್ತಿಗೂ ಕೋಪ ಇಳಿದಿಲ್ಲ.

ಹಾಗಾಗಿ ನನ್ನ ಫೋನಿಗೆಂದೇ ಅವಳ ಹತ್ತಿರ ಬೇರೆ ಸುದ್ದಿಗಳಿದ್ದವು. ಪಕ್ಕದ ಮನೆ ನಾಯಿ ಮರಿ ಹಾಕಿದೆ. ಹಿತ್ತಲಿನ ನುಗ್ಗೆ ಹೂ ಬಿಟ್ಟಿದೆ. ಮಗಳು ಸ್ಕೂಲಲ್ಲಿ ಡ್ಯಾನ್ಸ್ ಮಾಡಿದಳು. ಆ ಡ್ಯಾನ್ಸಿನಲ್ಲಿ ಬಿದ್ದು ಕೈ ಮುರಿದುಕೊಂಡಿದ್ದು ನನಗೆ ತಿಳಿದಿದ್ದು ಊರಿಗೆ ಬಂದು ಬ್ಯಾಂಡೇಜ್ ನೋಡಿದ ಮೇಲೆ. ನಾಯಿ ಒಂದೇ ವರ್ಷದಲ್ಲಿ ಇಷ್ಟು ಸಲ ಹೇಗೆ ಮರಿ ಹಾಕಿತು ಅಂತ ನಾನು ಯೋಚಿಸಬೇಕಿತ್ತೇನೋ. ಹೋಟೆಲ್ ಕೋಣೆಯಲ್ಲಿ ಅರ್ಧ ನಿದ್ದೆಯಲ್ಲಿ ಕೂತವನಿಗೆ ನಾಯಿ ಸುದ್ದಿ ಹಿತವಾಗಿಯೇ ಇತ್ತು.

ಮಾವ ತೀರಿಕೊಂಡಾಗ ನಾನು ಲಂಡನ್ನಿನಲ್ಲಿದ್ದೆ. ಅವತ್ತೂ ಫೋನ್ ಮಾಡಿದ್ದೆ. ಮಾತಾಡಿದಳು. ಗಂಟಲು ಕಟ್ಟಿದಂತಿದೆಯಲ್ಲ ಅಂದೆ, ಶೀತ ಅಂದಳು. ಮನೆಗೆ ಬಂದರೆ ಬೀಗ. ಅಕ್ಕ ಬಂದು, ಕುಣಿಗಲ್ಗೆ ಹೋಗು, ಹಾಲು ತುಪ್ಪ ಮುಗೀತು ಕಣೋ ಅಂದಳು. ಹೋದೆ. ಹೆಂಡತಿ ಗೋಡೆಗೊರಗಿ ಕೂತಿದ್ದಳು. ನನ್ನ ಮಾವ, ನನಗೆ ಕುದುರೆ ಹತ್ತಿಸಿ ಕಡಿವಾಣ ತಾವೇ ಹಿಡಿದುಕೊಂಡು ನಡೆದ ಮನುಷ್ಯ, ಅವರ ಮುಖ ಕೂಡ ನನಗೆ ಸಿಗಲಿಲ್ಲ.

"ಇನ್ಮೇಲೆ ಹಿಂಗ್ ಮಾಡ್ಬೇಡ," ಅಂದೆ. "ಏನೇ ಆದ್ರೂ ಹೇಳು. ನಾನೇನ್ ಮಗು ಅಲ್ಲ."

"ಹೇಳಿದ್ರೆ ಅಲ್ಲಿಂದ ಏನ್ ಮಾಡಕ್ಕಾಯ್ತಿತ್ತು ನಿಮಗೆ?"

"ಅಳಬೋದಿತ್ತು."

ಅದಕ್ಕೆ ಅವಳು ನನ್ನನ್ನು ನೋಡಿ, ಆಯ್ತು, ಇನ್ಮೇಲೆ ಹೇಳ್ತೀನಿ ಅಂದಳು. ನಾನು ನಂಬಿದೆ. ಅವಳು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನ ಸರದಿ ಬಂತು. ಅಲ್ಲಿವರೆಗೆ ನಾನು ಬಲಗಡೆ ಸೀಟಿನ ಕೋ-ಪೈಲಟ್. ಎಡಗಡೆ ಸೀಟಿಗೆ, ಅಂದರೆ ಕ್ಯಾಪ್ಟನ್ ಆಗುವುದಕ್ಕೆ, ದೊಡ್ಡ ತರಬೇತಿ ಮಾಡಬೇಕು. ಮೊದಲು ಪುಸ್ತಕ ಓದಿ ಪರೀಕ್ಷೆ. ಆಮೇಲೆ ನೆಲದ ಮೇಲೇ ಇರುವ ನಕಲಿ ಕಾಕ್‌ಪಿಟ್ಟಿನಲ್ಲಿ ಕೂರಿಸಿ ಎಂಜಿನ್ನಿಗೆ ಬೆಂಕಿ ಬಿತ್ತು, ಚಕ್ರ ಇಳಿಯಲಿಲ್ಲ ಅಂತ ಬೆವರು ಇಳಿಸುತ್ತಾರೆ. ಆಮೇಲೆ ನಿಜವಾದ ವಿಮಾನದಲ್ಲಿ ಪಕ್ಕದಲ್ಲಿ ಒಬ್ಬರು ಕೂತು ತಿಂಗಳುಗಟ್ಟಲೆ ನೋಡುತ್ತಾರೆ. ಕೊನೆಗೆ ಒಂದು ಪರೀಕ್ಷೆಯ ಹಾರಾಟ. ಫೇಲಾದರೆ ಮತ್ತೆ ಬಲಗಡೆಗೆ, ಎಷ್ಟೋ ಜನ ಆ ಸೀಟಿನಲ್ಲೇ ರಿಟೈರ್ ಆಗಿದ್ದಾರೆ. ಆ ತಿಂಗಳುಗಳಲ್ಲಿ ನಾನು ಮನುಷ್ಯನಾಗಿರಲಿಲ್ಲ. ಮನೆಗೆ ಬಂದರೂ ಊಟದ ತಟ್ಟೆ ಮುಂದೆ ಪುಸ್ತಕ.

ಆ ತರಬೇತಿ ಶುರುವಾದ ಹೊಸದರಲ್ಲೇ ಅವಳ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತು. ಅಕ್ಕನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ತೋರಿಸಿದಳು. ಕ್ಯಾನ್ಸರ್ ಅಂದರು, ಕೂಡಲೇ ಆಪರೇಷನ್ ಆಗಬೇಕು ಅಂದರು. ಅಕ್ಕ ಹೊರಗಡೆ ಬೆಂಚಿನ ಮೇಲೆ ಕೂತಿದ್ದಳು. ಇವಳು ಹೊರಗೆ ಬಂದು, ಅವಸರ ಇಲ್ಲವಂತೆ, ಇವರ ಪರೀಕ್ಷೆ ಮುಗಿದ ಮೇಲೆ ಮಾಡಿಸಿದರೂ ಆಗುತ್ತಂತೆ ಅಂದಳು. ನಮ್ಮ ಅಕ್ಕ ನಂಬಿದಳು. ಮೇಲಿಂದ ಇವಳು, ನನಗೆ ಹೇಳಕೂಡದು ಅಂತ ಅಕ್ಕನ ಕೈಯಲ್ಲಿ ನನ್ನ ಮಗಳ ತಲೆ ಮೇಲೆ ಆಣೆ ಹಾಕಿಸಿಕೊಂಡಳು. ಒಂದು ದಿನ ಇದ್ದ ಕಾನೂನನ್ನು ನನ್ನ ಹೆಂಡತಿ ಅಷ್ಟೂ ತಿಂಗಳಿಗೆ ಎಳೆದಳು.

ಪಾಸಾದೆ. ಭುಜದ ಮೇಲೆ ನಾಲ್ಕನೇ ಪಟ್ಟಿ ಬಂತು. ತುಮಕೂರಿಗೆ ಬಂದೆ, ಅಕ್ಕ ಹೋಳಿಗೆ ಮಾಡಿಕೊಂಡು ಬಂದಳು, ಚಿಕ್ಕಪ್ಪ ಗುಬ್ಬಿಯಿಂದ ಬಂದು ನನ್ನ ಟೋಪಿ ತಾವೇ ಹಾಕಿಕೊಂಡು ಕೂತರು. ಹೆಂಡತಿ ಸ್ವಲ್ಪ ಬಡವಾಗಿದ್ದಾಳೆ ಅನ್ನಿಸಿತು. ಡಯೆಟ್ ಮಾಡ್ತಾ ಇದೀಯಾ ಅಂತ ಕೂಡ ಕೇಳಿದೆ. ಮಾರನೇ ದಿನ ಬೆಳಗ್ಗೆ ಕಾಫಿ ಕುಡಿದು ಹಿತ್ತಲಲ್ಲಿ ನಿಂತಿದ್ದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ಮುಂದಿನ ಡ್ಯೂಟಿ ಯಾವಾಗ ನಿಮಗೆ?"

"ಇನ್ನೂ ನಾಲ್ಕು ದಿನ ಇದೆ."

"ಹಂಗಾದ್ರೆ ಹೇಳ್ತೀನಿ," ಅಂದಳು.

ಹೇಳಿದಳು. ನಲ್ಲಿ ಕೆಟ್ಟಿದೆ ಅನ್ನುವ ದನಿಯಲ್ಲೇ ಹೇಳಿದಳು. ನಾನು ಅಲ್ಲೇ ಇದ್ದ ಬಕೆಟ್ ಒದ್ದೆ. ಅದು ಉರುಳಿಕೊಂಡು ಹೋಗಿ ನುಗ್ಗೆ ಗಿಡಕ್ಕೆ ಬಡಿಯಿತು. ಅಕ್ಕನ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. "ನಿನ್ ಮಗಳ ಮೇಲೆ ಆಣೆ ಹಾಕ್ಸ್‌ಕೊಂಡವ್ಳಲ್ಲೋ, ಎಂಗ್ಲಾ ಹೇಳ್ಲಿ ನಾನು? ಅವಸರ ಇಲ್ಲ ಅಂದ್ಳು. ನಾನೇನ್ ಡಾಕ್ಟ್ರಾ?" ಅಕ್ಕನ ಜೊತೆ ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ. ಅವಳದ್ದು ತಪ್ಪಲ್ಲ ಅಂತ ಗೊತ್ತಿದ್ದೂ ಮಾತಾಡಲಿಲ್ಲ. ಕೋಪವನ್ನು ಎಲ್ಲಾದರೂ ಇಡಬೇಕಲ್ಲ.

ಬೆಂಗಳೂರಿನ ಡಾಕ್ಟರ್ ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು, ಆಗಲೇ ಮಾಡಿಸಿದ್ದರೆ ಅಂತ ಶುರು ಮಾಡಿದರು. ಆಗಲೇ ಅನ್ನುವ ಮಾತು ಯಾರ ಬಾಯಲ್ಲಿ ಕೇಳಿದರೂ ಇವತ್ತಿಗೂ ನನಗೆ ಮೈ ಉರಿಯುತ್ತದೆ. ರೋಗ ಮೂಳೆಗೆ ಇಳಿದಿತ್ತು. ಆಪರೇಷನ್ ಆಯಿತು, ಔಷಧಿ ಹತ್ತಿಸಿದರು, ಕೂದಲು ಉದುರಿತು. ಕೊನೆಗೆ ಮನೆಗೆ ಕರಕೊಂಡು ಹೋಗಿ, ನೋವಾಗದ ಹಾಗೆ ನೋಡಿಕೊಳ್ಳಿ ಅಂದರು. ಅಷ್ಟು ಹೊತ್ತಿಗೆ ನಾನು ಕ್ಯಾಪ್ಟನ್ ಸೀಟಿನಲ್ಲಿ ಕೂತು ಹಾರಿಸಿದ್ದು ಬೆರಳೆಣಿಕೆಯಷ್ಟು ವಿಮಾನ. ಇದ್ದ ರಜವೆಲ್ಲ ತೆಗೆದುಕೊಂಡು ಶೆಟ್ಟಿಹಳ್ಳಿಯಲ್ಲಿ ಅವಳ ಮಂಚದ ಪಕ್ಕ ಕೂತೆ.

ಆಗ ನಿಜವಾದ ಹಿಂಸೆ ಶುರುವಾಯಿತು. ನೋವಿದೆಯಾ ಅಂದರೆ ಇಲ್ಲ ಅನ್ನುತ್ತಿದ್ದಳು. ಇಂಜೆಕ್ಷನ್ ಕೊಡಲು ಬರುತ್ತಿದ್ದ ನರ್ಸಮ್ಮ ನನ್ನನ್ನು ವರಾಂಡಕ್ಕೆ ಕರೆದು, ಇಷ್ಟೊತ್ತಿಗೆ ಮೂಳೆ ಮೂಳೆ ನೋಯ್ತಿರ್ಬೇಕು ಸಾರ್, ಇವ್ರು ನೋಡಿದ್ರೆ ಏನೂ ಇಲ್ಲ ಅಂತಾರೆ, ಡೋಸ್ ಎಷ್ಟು ಅಂತ ಕೊಡ್ಲಿ ಅಂದರು. ರಜ ಅಂದರೆ ಎಂದಾದರೂ ಮುಗಿಯುವಂಥದ್ದು, ಕಂಪನಿಯಿಂದ ಯಾವಾಗ ಬೇಕಾದರೂ ಫೋನ್ ಬರಬಹುದು ಅಂತ ಅವಳ ಲೆಕ್ಕ. ನನ್ನ ಯೂನಿಫಾರಂ ಇಸ್ತ್ರಿ ಅಂಗಡಿಗೆ ಹೋಗಿ ಬರುತ್ತಲೇ ಇತ್ತು. ನಾನು ಹಾಕದ ಶರ್ಟನ್ನು ಮಗಳ ಕೈಯಲ್ಲಿ ವಾರ ವಾರ ಕಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಹಾಲು ತರಲು ಹೋಗಿ ದುಡ್ಡು ಮರೆತು ವಾಪಸ್ ಬಂದೆ. ಗೇಟಿನ ಹತ್ತಿರ ಬರುವಾಗ ಒಳಗಿಂದ ಯಾವುದೋ ದನಿ. ಹಸು ಕರು ಹಾಕುವಾಗ ಕೂಗುತ್ತದಲ್ಲ, ಹಾಗೆ. ಗೇಟಿನ ಚಿಲಕ ತೆಗೆದೆ. ದನಿ ನಿಂತಿತು. ಒಳಗೆ ಹೋದರೆ ಅವಳು ಮುಖ ಒರೆಸಿಕೊಂಡು, ದುಡ್ಡು ಮರೆತ್ರಾ ಅಂದಳು. ದುಡ್ಡು ತೆಗೆದುಕೊಂಡು ಮತ್ತೆ ಹಾಲಿಗೆ ಹೋದೆ. ಅವತ್ತಿನಿಂದ ದಿನಕ್ಕೆ ಎಷ್ಟೋ ಸಲ ಏನಾದರೊಂದು ನೆಪ ಹೇಳಿ ಮನೆಯಿಂದ ಹೊರಗೆ ಹೋಗುತ್ತಿದ್ದೆ. ಸಾಮಾನೇನೂ ಬೇಕಿರಲಿಲ್ಲ. ಅವಳು ನರಳಿಕೊಳ್ಳಲಿ ಅಂತ ಶೆಟ್ಟಿಹಳ್ಳಿಯ ರಸ್ತೆಗಳಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ಬರುವಾಗ ಗೇಟನ್ನು ಬೇಕೆಂದೇ ಜೋರಾಗಿ ಅಲ್ಲಾಡಿಸುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಇಬ್ಬರು ಹೀಗೆ ಬದುಕುತ್ತಿದ್ದೆವು.

ಕಂಪನಿಗೆ ರಾಜೀನಾಮೆ ಬರೆದು ಕಳಿಸಿದೆ. ಅದನ್ನು ಅವಳಿಗೆ ಹೇಳಲಿಲ್ಲ. ನಾಲ್ಕನೇ ಪಟ್ಟಿಗೋಸ್ಕರ ಅಷ್ಟೆಲ್ಲ ಸಹಿಸಿದವಳಿಗೆ ಈ ಸ್ಥಿತಿಯಲ್ಲಿ ಹೇಳುವುದು ಬೇಡ, ಸಂಕಟಪಡುತ್ತಾಳೆ ಅನ್ನಿಸಿತು. ಅವಳ ರೋಗ ನನಗೂ ಅಂಟಿತ್ತು.

ಅವಳಿಗೆ ಕೆಮ್ಮು ಹತ್ತಿತ್ತು, ಪಕ್ಕ ಕೂತು ಕೂತು ನನಗೂ ಹಿಡಿಯಿತು. ಒಂದು ದಿನ ಊಟದ ಹೊತ್ತಿನಲ್ಲಿ ಕೆಮ್ಮಿ ಕೆಮ್ಮಿ ಸಾಕಾಗಿ, ಅವಳ ಔಷಧಿಗಳ ನಡುವೆ ಇದ್ದ ಸಿರಪ್ ಬಾಟ್ಲಿ ತೆಗೆದು ಮುಚ್ಚಳದಲ್ಲಿ ಬಗ್ಗಿಸಿಕೊಂಡು ಕುಡಿದೆ. ಪೈಲಟ್ ಆದವನು ಕೆಮ್ಮಿನ ಸಿರಪ್ ಮುಟ್ಟುವುದಿಲ್ಲ. ಕೆಲವದರಲ್ಲಿ ಸ್ವಲ್ಪ ಆಲ್ಕೋಹಾಲ್ ಇರುತ್ತದೆ, ಡ್ಯೂಟಿಗೆ ಮುಂಚೆ ಮೆಷಿನ್ನಿಗೆ ಊದಿಸುವಾಗ ಅದು ತೋರಿಸಿದರೆ ಕುಡಿದು ಬಂದಿದ್ದಾನೆ ಅಂತಲೇ ಲೆಕ್ಕ. ಮದುವೆಯಾದಾಗಿನಿಂದ ಅವಳು ನನಗೆ ಕೊಟ್ಟಿದ್ದು ಶುಂಠಿ ಕಷಾಯ ಮಾತ್ರ.

"ಏನ್ರೀ ಕುಡಿದ್ರಿ? ಊದಿದ್ರೆ ಬರುತ್ತೆ ಅದು," ಅಂದಳು.

"ಬರ್ಲಿ. ನಾನು ಊದೋದಿಲ್ಲ."

"ನಾಳೆ ಕರೆದ್ರೆ?"

"ಕರೆಯಲ್ಲ. ಕೆಲಸ ಬಿಟ್ಟೆ ಕಣೇ. ವಾರ ಆಯ್ತು."

ಅವಳು ನನ್ನ ಕೈಯಲ್ಲಿದ್ದ ಮುಚ್ಚಳವನ್ನೇ ನೋಡಿದಳು. ಬಾಯಿಮಾತಿನಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ, ಸುಳ್ಳಿನಲ್ಲಿ ನನಗಿಂತ ಪಳಗಿದವಳು. ನಾನು ಇನ್ನೊಂದು ಮುಚ್ಚಳ ಬಗ್ಗಿಸಿ ಅದನ್ನೂ ಕುಡಿದೆ.

"ಸೊಂಟ ನೋಯ್ತದೆ ಕಣ್ರೀ," ಅಂದಳು. "ತಡಿಯಕ್ಕೇ ಆಗ್ತಿಲ್ಲ. ತುಂಬಾ ದಿನದಿಂದ."

ಆಮೇಲೆ ಅವಳು ನಿಲ್ಲಿಸಲಿಲ್ಲ. ನರ್ಸಮ್ಮನನ್ನು ಕರೆಸಿ ಇಂಜೆಕ್ಷನ್ ಕೊಡಿಸಿದೆ, ಅದು ಹತ್ತುವವರೆಗೂ ನನ್ನ ಕೈ ಹಿಡಿದು ಕೂಗಿದಳು, ನಾಚಿಕೆಯಿಲ್ಲದೆ ಕೂಗಿದಳು. ಹತ್ತಿದ ಮೇಲೆ ಮಾತು. ನಮ್ಮಕ್ಕ ಎಂದೋ ಆಡಿದ ಕೊಂಕು, ಮಳೆಗಾಲದಲ್ಲಿ ಮಗಳ ರೂಮು ಸೋರಿದ್ದು, ಅಪ್ಪ ಸತ್ತ ದಿನ ಫೋನ್ ಇಟ್ಟ ಮೇಲೆ ನೆಲದ ಮೇಲೆ ಬಿದ್ದು ಹೊರಳಾಡಿದ್ದು, ಮದುವೆ ಮನೆಗಳಿಗೆ ಒಬ್ಬಳೇ ಹೋಗಿ ಕೂತು ನಿಮ್ಮನೆಯವರು ಎಲ್ಲಿ ಅಂತ ಎಲ್ಲರಿಂದ ಕೇಳಿಸಿಕೊಂಡಿದ್ದು. ಒಂದು ಕಡೆಯಿಂದ ಎಲ್ಲ ಹೇಳಿದಳು. ನಾನು ಅವಳನ್ನು ಅಷ್ಟು ವರ್ಷ ನೋಡಿಯೇ ಇರಲಿಲ್ಲ ಅನ್ನಿಸಿತು, ಆ ಮಾತು ಕೇಳುತ್ತಾ ಕೇಳುತ್ತಾ ಅವಳು ನನಗೆ ಹೊಸದಾಗಿ ಇಷ್ಟವಾದಳು.

ಕೊನೆಗೆ ನಾನು ಕೇಳಲೇಬೇಕಾದ್ದನ್ನು ಕೇಳಿದೆ. ಆ ತರಬೇತಿ ನಡುವೆ ಹಬ್ಬಕ್ಕೆ ಅಂತ ನಾನು ಬಂದಿದ್ದೆನಲ್ಲ, ಅವಾಗಲಾದರೂ ಯಾಕೆ ಹೇಳಲಿಲ್ಲ ಅಂತ.

"ಹೇಳೋಣ ಅಂತಾನೇ ರೂಮಿಗೆ ಬಂದೆ," ಅಂದಳು. "ಮಲಗಿದ್ರಿ. ತುಂಬ ಹೊತ್ತು ನಿಂತಿದ್ದೆ. ಏಳ್ಲಿಲ್ಲ ನೀವು."

"ಎಬ್ಬಿಸಬೇಕಿತ್ತು."

"ನಿಮ್ಮನ್ನ ಎಬ್ಬಿಸಿ ಗೊತ್ತೇ ಇಲ್ಲ ನಂಗೆ."

ನನ್ನ ತಲೆ ಕೆಟ್ಟುಹೋಯಿತು. ಸಾಯುತ್ತಿರುವವಳು ಅನ್ನುವುದೂ ಮರೆತು ಗಟ್ಟಿಯಾಗಿ ಕಿರುಚಿದೆ. ಯಾವನದೋ ನಿದ್ದೆ ಕಾಯೋದಕ್ಕೆ ಯಾರಾದರೂ ಪ್ರಾಣ ಕೊಡ್ತಾರೇನೇ, ಬುದ್ಧಿ ಇದೆಯಾ ನಿನಗೆ, ಮಗಳ ಮುಖ ನೋಡಿದ್ಯಾ ಅಂತ ಬೈದೆ. ಅಡುಗೆಮನೆಯಲ್ಲಿದ್ದ ಮಗಳು ಓಡಿ ಬಂದು ಬಾಗಿಲಲ್ಲಿ ನಿಂತು, ಅಪ್ಪಾ ಸುಮ್ನಿರಿ ಅಂತ ಅಳಲು ಶುರು ಮಾಡಿದಳು. ಹೆಂಡತಿ ದಿಂಬಿನ ಮೇಲೆ ತಲೆ ಹೊರಳಿಸಿ ಅವಳ ಕಡೆ ನೋಡಿದಳು.

"ಬೈಲಿ ಬುಡು," ಅಂದಳು. "ನಿಮ್ಮಪ್ಪಂಗೆ ನಾಳೆ ಡ್ಯೂಟಿ ಇಲ್ಲ."

ಸಂಜೆವರೆಗೂ ಜಗಳವಾಡಿದೆವು. ನಾನು ಹೇಳಿದ್ದಕ್ಕೆಲ್ಲ ಅವಳ ಹತ್ತಿರ ತಿರುಗುತ್ತರ ಇತ್ತು. ಮದುವೆಯಾದ ಮೇಲೆ ನಾವಿಬ್ಬರೂ ಆಡಿದ ಮೊದಲನೇ ಜಗಳ ಅದು, ಅವಳೇ ಗೆದ್ದಳು. ಇನ್ನೊಂದು ಆಡುವಷ್ಟು ಉಸಿರು ಅವಳಲ್ಲಿ ಉಳಿಯಲಿಲ್ಲ.